ನಡೆದರೆ ತೂಕ ಇಳಿಯುತ್ತದಾ? ಫೆಬ್ರವರಿಯಿಂದ ಮುಳ್ಳು ಅಲ್ಲಾಡುತ್ತಿಲ್ಲ

ನೀರ್ಚಾಲಿನ ಸೊಸೆ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಇವತ್ತು ಕೇಳಿಯೇ ಬಿಡುತ್ತೇನೆ. ನನಗೆ 38 ವರ್ಷ, ಎತ್ತರ 157 ಸೆಂಟಿಮೀಟರ್. ದೀಪಾವಳಿ ಕಳೆದ ಮೇಲೆ ವಾಕಿಂಗ್ ಶುರು ಮಾಡಿದೆ. ಆಗ 77 ಕಿಲೋ ಇದ್ದೆ. ಸಂಜೆ ಬ್ಯಾಂಕಿನಿಂದ ಬಂದು, ಬ್ಯಾಗು ಒಳಗಿಟ್ಟು, ಸೀರೆ ಬದಲಿಸಿ ಹೊರಡುವುದು. 40 ನಿಮಿಷ, ವಾರಕ್ಕೆ ಐದು ದಿನ. ಜನವರಿ ಕೊನೆಗೆ 74 ಆಯಿತು. ಖುಷಿಯೋ ಖುಷಿ. ಆಮೇಲೆ ಅಲ್ಲೇ ನಿಂತಿದೆ. ಮಾರ್ಚ್ ಮುಗಿಯುತ್ತಾ ಬಂತು, ಮುಳ್ಳು 74ರಿಂದ ಕೆಳಗೆ ಇಳಿಯುವುದಿಲ್ಲ. ಒಂದೊಂದು ದಿನ 75 ತೋರಿಸಿ ಹೆದರಿಸುತ್ತದೆ.

ನಡೆಯುವುದು ಕಮ್ಮಿ ಮಾಡಿಲ್ಲ. "ರಸ್ತೆ ಸವೆಯಿತಾ, ನೀನು ಸವೆದಿಯಾ?" ಅಂತ ನಮ್ಮವರು ದಿನಾ ಕೇಳುತ್ತಾರೆ. ಸುಮ್ನೆ ಕಾಲು ನೋಯಿಸಿಕೊಳ್ಳುತ್ತಿದ್ದೇನಾ? ಜಿಮ್ಮಿಗೆ ಸೇರಬೇಕಾ? ಗೊತ್ತಿದ್ದವರು ಹೇಳಿ.

ಪೆರ್ಲದ ತೋಟದವ

ಅಕ್ಕ, ಬೇಜಾರು ಮಾಡಬೇಡಿ. ನಡೆದರೆ ತೂಕ ಇಳಿಯುತ್ತದೆ ಎನ್ನುವುದು ಪೇಟೆಯವರ ಮಾತು. ನಾನು ಬೆಳಗ್ಗೆ ಏಳಕ್ಕೆ ತೋಟಕ್ಕೆ ಇಳಿದರೆ ಮಧ್ಯಾಹ್ನದ ತನಕ ಕೂರುವುದಿಲ್ಲ. ಅಡಿಕೆ ಹೆಕ್ಕುವುದು, ಪೈಪು ಬದಲಿಸುವುದು, ಹಂದಿ ಬಂದಿದೆಯಾ ನೋಡುವುದು, ಎಲ್ಲ ನಡೆದೇ. ಆದರೂ ನನ್ನ ಹೊಟ್ಟೆ ನನಗಿಂತ ಮೊದಲು ಬಾಗಿಲು ದಾಟುತ್ತದೆ. ಇದಕ್ಕೆ ಏನು ಹೇಳುತ್ತೀರಿ?

ಕುಂಬಳೆ ಮಾಷ್ಟ್ರು

ಇಬ್ಬರಿಗೂ ಸೇರಿಸಿ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ನಿವೃತ್ತ ಗಣಿತದವನು, ತಡೆದುಕೊಳ್ಳಿ.

ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. 74 ಕಿಲೋ ಇರುವವರು ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ನಡೆದರೆ ಸುಮಾರು 260 ಕ್ಯಾಲೊರಿ ಹೋಗುತ್ತದೆ. ಆದರೆ ಅದೇ ಒಂದು ಗಂಟೆ ಕುರ್ಚಿಯಲ್ಲಿ ಕೂತಿದ್ದರೂ 70-75 ಹೋಗುತ್ತಿತ್ತು. ಅದನ್ನು ಕಳೆಯಬೇಕು, ಮೊಬೈಲ್ ಆಪ್ ಕಳೆಯುವುದಿಲ್ಲ. ಉಳಿಯುವುದು 185ರಷ್ಟು. 40 ನಿಮಿಷಕ್ಕೆ 125 ಅಂತ ಇಟ್ಟುಕೊಳ್ಳಿ. ವಾರಕ್ಕೆ ಐದು ದಿನ ಅಂದರೆ 625. 7,700 ತಲುಪಲು ಹನ್ನೆರಡು ವಾರ ಬೇಕು.

ಅಂದರೆ ಊಟ ತಿಂಡಿ ಏನೂ ಬದಲಾಗದೆ ಬರೀ ನಡೆದರೆ ಮೂರು ತಿಂಗಳಿಗೆ ಒಂದು ಕಿಲೋ. ತಂಗಿಗೆ ದೀಪಾವಳಿಯಿಂದ ಜನವರಿ ಒಳಗೆ ಮೂರು ಕಿಲೋ ಇಳಿದಿದೆ. ಉಳಿದ ಎರಡು ಕಿಲೋ ಎಲ್ಲಿಗೆ ಹೋಯಿತು? ಫೆಬ್ರವರಿಯಲ್ಲಿ ಯಾಕೆ ನಿಂತಿತು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಪ್ರಶ್ನೆ ಬೇರೆ: ಅದಕ್ಕೆ ಮೊದಲು ಅಷ್ಟು ಬೇಗ ಯಾಕೆ ಇಳಿಯಿತು? ತಂಗಿ, ನವೆಂಬರಿನಲ್ಲಿ ನಡಿಗೆ ಬಿಟ್ಟು ಬೇರೆ ಏನು ಬದಲಾಯಿತು? ಯೋಚನೆ ಮಾಡಿ ಹೇಳಿ.

ತೋಟದವರಿಗೆ: ನಿಮ್ಮ ಅಜ್ಜ ಗುಡ್ಡ ಕೊರೆದ ಸುರಂಗದ ನೀರು ತೋಡಿನಲ್ಲಿ ತಿರುಗಿಸಿ ಮರಮರಕ್ಕೆ ಅಡಿಕೆ ಹಾಳೆಯಲ್ಲಿ ಎರಚುತ್ತಿದ್ದರು. ನೀವು ಹಾಸಿಗೆಯಿಂದಲೇ ಮೊಬೈಲ್ ಒತ್ತಿ ಪಂಪು ಚಾಲು ಮಾಡುತ್ತೀರಿ. ಪೆರ್ಲ ಪೇಟೆಗೆ ಅಜ್ಜ ನಡೆದರು, ನೀವು ಸ್ಕೂಟರು. ಆದರೆ ಬಟ್ಟಲಿಗೆ ಬೀಳುವ ಕುಚ್ಚಲಕ್ಕಿ ಅನ್ನ ಮಾತ್ರ ಅಜ್ಜನ ಕಾಲದ ಅಳತೆಯದ್ದೇ. ಅಲ್ವಾ?

ಪೆರ್ಲದ ತೋಟದವ

ಮಾಷ್ಟ್ರೇ, ಅನ್ನದ ವಿಷಯಕ್ಕೆ ಬರಬೇಡಿ.

ಉಪ್ಪಳದ ಇಚ್ಚ

ಅಸ್ಸಲಾಮು ಅಲೈಕುಂ, ನಮಸ್ಕಾರ. ನಾನು ಗಲ್ಫಿನಲ್ಲಿದ್ದಾಗ ರೂಮಿನವರೆಲ್ಲ ರಾತ್ರಿ ಕಡಲ ಬದಿಯಲ್ಲಿ ನಡೆಯುತ್ತಿದ್ದೆವು. ದಿನಕ್ಕೆ 10,000 ಹೆಜ್ಜೆ. ವಾಚು ಢಣ್ ಎಂದು ಹೊಡೆದ ಮೇಲೆಯೇ ವಾಪಸು. ಊರಿಗೆ ಬಂದ ಮೇಲೆ ಎಲ್ಲಿ ನಡೆಯುವುದು? ಹೆದ್ದಾರಿ ಆರು ಪಥ ಆಗಿದೆ. ಆಚೆ ಬದಿಯ ಅಂಗಡಿಯಿಂದ ಮೀನು ತರಬೇಕಾದರೆ ಅಂಡರ್‌ಪಾಸ್ ಹುಡುಕಿ ಸುತ್ತಿ ಬರಬೇಕು. ಒಂದು ಲೆಕ್ಕದಲ್ಲಿ ಅದೇ ವಾಕಿಂಗ್ ಆಯಿತು. ಸರ್ವಿಸ್ ರಸ್ತೆಯಲ್ಲಿ ನಡೆಯುವುದಾದರೆ ಎದುರಿನಿಂದ ವಾಹನ ಬರುವ ಬದಿಯಲ್ಲೇ ನಡೆಯಿರಿ. ಹಿಂದಿನಿಂದ ಬರುವ ಬೈಕು ನಮಗೆ ಕಾಣುವುದಿಲ್ಲ. ಸಂಜೆ ಆದರೆ ಬಿಳಿ ಅಂಗಿ.

ಸೊಸೆಯವರೇ, 40 ನಿಮಿಷಕ್ಕೆ 4,000 ಹೆಜ್ಜೆ ಆಗುತ್ತದೆ ಅಷ್ಟೇ. ಹತ್ತು ಸಾವಿರ ಮಾಡಿ ನೋಡಿ.

ಮಂಜೇಶ್ವರದ ಫಿಸಿಯೋ

ಇಚ್ಚ, ಆ ಹತ್ತು ಸಾವಿರ ಯಾವ ಡಾಕ್ಟರೂ ಲೆಕ್ಕ ಹಾಕಿ ಕೊಟ್ಟದ್ದಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮೇಲೆ ಜಪಾನಿನಲ್ಲಿ ನಡಿಗೆಯ ಹುಚ್ಚು ಎದ್ದಿತು. 1965ರಲ್ಲಿ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ತಂದು ಮಾರಲು ಹಿಡಿದ ಸಂಖ್ಯೆ ಅದು. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲಿನ ಒಂದು ದೊಡ್ಡ ಅಧ್ಯಯನ ಬಂತು. ದಿನಕ್ಕೆ 4,400 ಹೆಜ್ಜೆ ಹಾಕುವವರಲ್ಲೇ ಸಾವಿನ ಅಪಾಯ ಕಮ್ಮಿಯಾಗಿತ್ತು. 7,500ರ ಹತ್ತಿರ ಬಂದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಅದು ಆಯಸ್ಸಿನ ಲೆಕ್ಕ, ತೂಕದ್ದಲ್ಲ. ತೂಕಕ್ಕೆ ಹೆಜ್ಜೆ ಜಾಸ್ತಿ ಆದಷ್ಟೂ ಒಳ್ಳೆಯದೇ. ಆದರೆ 4,000ದಿಂದ ಒಮ್ಮೆಗೇ 10,000ಕ್ಕೆ ಹಾರಿದವರು ಹಿಮ್ಮಡಿ ನೋವು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ ಆಗುತ್ತದೆ ಎನ್ನುತ್ತಾರೆ. ಹಾಗಾಗಿ ವಾರಕ್ಕೆ 500-1,000ದಂತೆ ಏರಿಸಿ.

ಹೆಜ್ಜೆಯ ಸಂಖ್ಯೆಗಿಂತ ವೇಗ ನೋಡಿ. ನಿಮಿಷಕ್ಕೆ 100 ಹೆಜ್ಜೆ ಬಿದ್ದರೆ ಅದು ಚುರುಕು ನಡಿಗೆ. 15 ಸೆಕೆಂಡು ಎಣಿಸಿ, 25 ಬರಬೇಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು. ತೋಟದಣ್ಣನದ್ದು ನಾಲ್ಕು ಹೆಜ್ಜೆ, ಒಂದು ಅಡಿಕೆ, ಮತ್ತೆ ನಾಲ್ಕು ಹೆಜ್ಜೆ. ಖರ್ಚು ಆಗುತ್ತದೆ, ಆದರೆ ಎದೆಬಡಿತ ಏರುವುದಿಲ್ಲ. ತೋಟದಿಂದ ಮೇಲೆ ಮನೆಗೆ ಏರುವ ದಾರಿ ಉಂಟಲ್ಲ, ಅದನ್ನು ಸಂಜೆ ಕೈಯಲ್ಲಿ ಕತ್ತಿ ಇಲ್ಲದೆ ನಾಲ್ಕು ಸಲ ಹತ್ತಿ ಇಳಿಯಿರಿ. ಆಗ ಗೊತ್ತಾಗುತ್ತದೆ.

ನೀರ್ಚಾಲಿನ ಸೊಸೆ

ಮಾಷ್ಟ್ರೇ, ನಿಮ್ಮ ಪ್ರಶ್ನೆಗೆ ರಾತ್ರಿಯೆಲ್ಲ ಯೋಚಿಸಿದೆ. ಮೊದಲು ಸಂಜೆ ಬಸ್ಸಿಳಿದ ಕೂಡಲೇ ಗೂಡಂಗಡಿಯಿಂದ ಗೋಳಿಬಜೆ ಕಟ್ಟಿಸಿಕೊಂಡು ಬರುತ್ತಿದ್ದೆ. ಅತ್ತೆ ಚಾ ಮಾಡಿ ಇಟ್ಟಿರುತ್ತಿದ್ದರು. ಎಲ್ಲರೂ ಕೂತು ತಿನ್ನುವುದು. ವಾಕಿಂಗ್ ಶುರುವಾದ ಮೇಲೆ ಆ ಹೊತ್ತಿಗೆ ನಾನು ರಸ್ತೆಯಲ್ಲಿ ಇರುತ್ತೇನೆ. ಹೊಟ್ಟೆ ತುಂಬಿದ್ದರೆ ನಡೆಯಲು ಆಗುವುದಿಲ್ಲ ಅಂತ ಬಜೆ ತರುವುದು ನಿಂತಿತು. ವಾಪಸು ಬರುವಾಗ ಕತ್ತಲಾಗಿರುತ್ತದೆ, ಸೀದಾ ರಾತ್ರಿ ಊಟ.

ಕುಂಬಳೆ ಮಾಷ್ಟ್ರು

ಸಿಕ್ಕಿತು! ಎಣ್ಣೆಯಲ್ಲಿ ಕರಿದ ಎರಡು ಮೂರು ಬಜೆ, ಎರಡು ಚಮಚ ಸಕ್ಕರೆಯ ಚಾ. ಇನ್ನೂರು ಕ್ಯಾಲೊರಿ ಧಾರಾಳ. ನಿಮ್ಮ ಎರಡು ಕಿಲೋ ಅಲ್ಲಿ ಹೋದದ್ದು. ನಡಿಗೆ ಸುಟ್ಟದ್ದಕ್ಕಿಂತ ನಡಿಗೆ ತಪ್ಪಿಸಿದ್ದೇ ಜಾಸ್ತಿ.

ಇನ್ನು ಫೆಬ್ರವರಿಯ ಕ್ಯಾಲೆಂಡರ್ ತೆಗೆಯಿರಿ.

ನೀರ್ಚಾಲಿನ ಸೊಸೆ

ಅಯ್ಯೋ. ಉಪನಯನ, ಮನೆ ಒಕ್ಕಲು, ಎರಡು ಕಡೆ ಬ್ರಹ್ಮಕಲಶ, ತವರಿನಲ್ಲಿ ಭೂತದ ಕೋಲ. ಇನ್ನು ಏಪ್ರಿಲ್ ಪೂರಾ ಮದುವೆ. ಹೋಗದಿದ್ದರೆ ಹೇಗೆ? ಹೋಗಿ ಉಣ್ಣದಿದ್ದರೆ ಇನ್ನೂ ಕಷ್ಟ.

ಮಧೂರಿನ ನರ್ಸಕ್ಕ

ನಮ್ಮ ಕಡೆ ಮಕರ ಸಂಕ್ರಮಣದಿಂದ ಮೇ ಕೊನೆಯ ಪತ್ತನಾಜೆ ತನಕ ತೂಕ ಇಳಿಸುವವರಿಗೆ ಕಷ್ಟಕಾಲ. ಜೀವನಶೈಲಿ ರೋಗದ ಕ್ಲಿನಿಕ್ಕಿಗೆ ಬರುವವರ ಸಕ್ಕರೆ ಮೇ ತಿಂಗಳಲ್ಲಿ ಏರಿರುವುದನ್ನು ನೋಡುತ್ತಲೇ ಇರುತ್ತೇನೆ. ಬಾಳೆಲೆ ಊಟದಲ್ಲಿ ತೊಂದರೆ ಪಲ್ಯ, ಸಾಂಬಾರಿನಿಂದ ಅಲ್ಲ. ಮೇಲಾರಕ್ಕೂ ಒಮ್ಮೆ, ಸಾರಿಗೂ ಒಮ್ಮೆ, ಮಜ್ಜಿಗೆಗೂ ಒಮ್ಮೆ ಅನ್ನ ಬೀಳುತ್ತದೆ. ಅದರ ಮೇಲೆ ಎರಡು ನಮೂನೆ ಪಾಯಸ, ಹೋಳಿಗೆಗೆ ತುಪ್ಪ. ದೊಡ್ಡ ಚಮಚದಲ್ಲಿ ಒಂದು ಚಮಚ ತುಪ್ಪ 120 ಕ್ಯಾಲೊರಿ ದಾಟುತ್ತದೆ. ನಿಮ್ಮ 40 ನಿಮಿಷ ಅಲ್ಲಿಗೆ ಸರಿಹೋಯಿತು.

ಹೋಗಬೇಡಿ ಅಂತ ಹೇಳುವುದಿಲ್ಲ. ಮಧೂರು ದೇವಸ್ಥಾನದ ಅಪ್ಪ ಪ್ರಸಾದ ಯಾರಾದರೂ ತಂದುಕೊಟ್ಟರೆ ನಾನೇ ಬೇಡ ಎನ್ನುವುದಿಲ್ಲ. ಊಟಕ್ಕೆ ಹೋದ ದಿನ ರಾತ್ರಿ ಒಂದು ಬಟ್ಟಲು ಗಂಜಿ, ಒಂದು ಪಲ್ಯ, ಅಷ್ಟಕ್ಕೇ ನಿಲ್ಲಿಸಿ. ಮತ್ತೆ ಉಂಡು ಎದ್ದ ಮೇಲೆ ಅಲ್ಲೇ ಕುರ್ಚಿ ಎಳೆದುಕೊಳ್ಳದೆ ದೇವಸ್ಥಾನದ ಸುತ್ತ 10-15 ನಿಮಿಷ ತಿರುಗಿ. ಉಂಡ ಕೂಡಲೇ ನಡೆದರೆ ರಕ್ತದ ಸಕ್ಕರೆ ಅಷ್ಟು ಮೇಲೆ ಹಾರುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಿಗಂತೂ ಇದು ತುಂಬಾ ಒಳ್ಳೆಯದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಗುಳಿಗೆ ತೆಗೆದುಕೊಳ್ಳುವವರು ನಡೆಯುವಾಗ ಜೇಬಿನಲ್ಲಿ ಸಕ್ಕರೆಯೋ ಮಿಠಾಯಿಯೋ ಇಟ್ಟುಕೊಳ್ಳಿ. ಕೈ ನಡುಗಿ ಬೆವರು ಬಂದರೆ ಬೇಕಾಗುತ್ತದೆ. ನಡೆಯುವಾಗ ಎದೆ ಬಿಗಿದರೆ ಅಲ್ಲೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ, ಗ್ಯಾಸ್ ಎಂದು ಸುಮ್ಮನಿರಬೇಡಿ.

ಸೊಸೆಯವರಿಗೆ ಇನ್ನೆರಡು ಮಾತು. 74 ಕಿಲೋಗೆ ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 30. ನಮ್ಮ ದೇಶದವರಿಗೆ 23ರಿಂದ ತೂಕ ಜಾಸ್ತಿ, 25ರಿಂದ ಬೊಜ್ಜು ಎಂದು ಲೆಕ್ಕ. ಕೇಳಿ ಹೆದರಬೇಡಿ. ಶುರುವಿನ ತೂಕದ ಶೇಕಡಾ 5 ಇಳಿದರೂ ಬಿಪಿ, ಸಕ್ಕರೆ ಎರಡಕ್ಕೂ ಗುಣ ಕಾಣುತ್ತದೆ. 77ಕ್ಕೆ ಅದು ನಾಲ್ಕು ಕಿಲೋ ಕೂಡ ಆಗುವುದಿಲ್ಲ. ನೀವು ಮೂರು ಇಳಿಸಿ ಆಗಿದೆ! ಮಂಡಿಗೂ ಅಷ್ಟೇ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ನಾಲ್ಕು ಕಿಲೋದಷ್ಟು ಭಾರ ಕಮ್ಮಿ.

ದಿನಾ ತೂಕ ನೋಡುವುದು ನಿಲ್ಲಿಸಿ. ಮುಟ್ಟಿನ ಮೊದಲು, ಉಪ್ಪಿನಕಾಯಿ ಹಪ್ಪಳ ತಿಂದ ಮರುದಿನ, ನೀರು ನಿಂತು ಒಂದೆರಡು ಕಿಲೋ ಸುಮ್ನೆ ಏರುತ್ತದೆ. ವಾರಕ್ಕೊಮ್ಮೆ ಸಾಕು, ಬೆಳಗ್ಗೆ, ಖಾಲಿ ಹೊಟ್ಟೆಯಲ್ಲಿ. ಅದರ ಜೊತೆ ಹೊಲಿಗೆಯ ಟೇಪು ತೆಗೆದುಕೊಳ್ಳಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಇಟ್ಟು, ಉಸಿರು ಬಿಟ್ಟು ಅಳೆಯಿರಿ. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90ರ ಒಳಗೆ ಇರಬೇಕು. ತೂಕ ನಿಂತಿದ್ದರೂ ಟೇಪು ಇಳಿಯುವುದುಂಟು. ಥೈರಾಯ್ಡ್ ಒಮ್ಮೆ ನೋಡಿಸಿದ್ದೀರಾ?

ನೀರ್ಚಾಲಿನ ಸೊಸೆ

ಥೈರಾಯ್ಡ್ ನೋಡಿಸಿ ಆಗಿದೆ ಅಕ್ಕ, ತೊಂದರೆ ಇಲ್ಲ. ಆಶಾ ಕಾರ್ಯಕರ್ತೆ ಜೀವನಶೈಲಿ ರೋಗದ ಸರ್ವೆಯ ಶೈಲಿ ಆಪಿಗೆ ಅಂತ ಮನೆಗೆ ಬಂದಾಗ ಸೊಂಟ ಅಳೆದಿದ್ದರು. ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ! ಆದರೆ ರವಿಕೆಯ ತೋಳು ಸಡಿಲ ಆದದ್ದು ನಿಜ. ಅತ್ತೆ ಮೊನ್ನೆ ಹೇಳಿದರು.

ಗುಳಿಗೆ ಬೇಡ ಪುಡಿ ಸಾಕು

ಎಲ್ಲರಿಗೂ ಶುಭ ಸುದ್ದಿ!! ನಡೆಯದೆ, ಊಟ ಬಿಡದೆ, ಒಂದು ತಿಂಗಳಲ್ಲಿ... (ಸಂದೇಶ ತೆಗೆಯಲಾಗಿದೆ)

ನಿರ್ವಾಹಕ

ಪುಡಿಯವರನ್ನು ಹೊರಗೆ ಹಾಕಿದ್ದೇನೆ. ಪ್ರತಿ ಚರ್ಚೆಗೂ ಬರುತ್ತಾರೆ. ತೂಕ ಇಳಿಸುವ ಚರ್ಚೆಗೆ ಬಂದದ್ದು ಇದೇ ಮೊದಲು ಅಲ್ಲ, ಕಳೆದ ಸಲ ಅಡಿಕೆ ಕೊಳೆರೋಗಕ್ಕೂ ಅದೇ ಪುಡಿ ಮಾರಲು ನೋಡಿದ್ದರು. ಮುಂದುವರಿಸಿ.

ಬೆಳಗ್ಗಿನ ಗಾಡಿಯವಳು

ನನ್ನದು ಬೇರೆ ಕಥೆ. ಕಾಸರಗೋಡಿನಿಂದ ದಿನಾ ಮಂಗಳೂರಿಗೆ ರೈಲು. ಬೆಳಗ್ಗೆ ಕತ್ತಲೆಗೆ ಹೊರಟು, ಬರುವಾಗ ಕತ್ತಲು. 40 ನಿಮಿಷ ಒಟ್ಟಿಗೆ ಸಿಗುವುದೇ ಇಲ್ಲ. ಈಗ ಸೆಂಟ್ರಲ್ ಸ್ಟೇಷನ್ನಿನಿಂದ ಹಂಪನಕಟ್ಟೆಗೆ ರಿಕ್ಷಾ ಬಿಟ್ಟು ನಡೆಯುತ್ತೇನೆ. ಸಂಜೆ ಗಾಡಿ ತಡ ಆದರೆ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ. ಇಂಥ ತುಂಡು ತುಂಡು ನಡಿಗೆಗೆ ಬೆಲೆ ಉಂಟಾ?

ಇನ್ನೊಂದು. ರಜೆಯ ದಿನ ಊರಿನ ರಸ್ತೆಯಲ್ಲಿ ನಡೆದರೆ ಸಿಕ್ಕಿದವರೆಲ್ಲ ಎಲ್ಲಿಗೆ ಅಂತ ಕೇಳುತ್ತಾರೆ. ಕನ್ನಡದಲ್ಲಿ ಒಬ್ಬರು, ತುಳುವಿನಲ್ಲಿ ಒಬ್ಬರು, ಮಲಯಾಳದಲ್ಲಿ ಒಬ್ಬರು. ಎಲ್ಲಿಗೂ ಇಲ್ಲ ಎಂದರೆ ಯಾರೂ ನಂಬುವುದಿಲ್ಲ. ಮನೆಯಲ್ಲಿ ಏನೋ ಜಗಳ ಆಗಿದೆ ಎನ್ನುವ ಹಾಗೆ ನೋಡುತ್ತಾರೆ.

ಮಂಜೇಶ್ವರದ ಫಿಸಿಯೋ

ಬೆಲೆ ಖಂಡಿತ ಉಂಟು. ಮೊದಲು ಒಮ್ಮೆಗೆ ಹತ್ತು ನಿಮಿಷವಾದರೂ ಇರಬೇಕು ಎನ್ನುತ್ತಿದ್ದರು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಷರತ್ತು ಕೈಬಿಟ್ಟಿದೆ. ವಾರಕ್ಕೆ ಒಟ್ಟು 150ರಿಂದ 300 ನಿಮಿಷ ಚುರುಕು ನಡಿಗೆ ಆಗಬೇಕು, ಎಷ್ಟು ತುಂಡು ಮಾಡಿದರೂ ಸರಿ. ಅದರ ಜೊತೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ ಎಂದೂ ಹೇಳಿದೆ. ಇದನ್ನು ಯಾರೂ ಓದುವುದಿಲ್ಲ. ಜಿಮ್ ಬೇಡ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು, ಇಷ್ಟು ಸಾಕು. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಅದನ್ನು ಉಳಿಸಿಕೊಳ್ಳಬೇಕು.

ಸೊಸೆಯವರೇ, ಇನ್ನೊಂದು ವಿಷಯ. 77 ಕಿಲೋದ ಶರೀರ ಹೊತ್ತು ನಡೆಯುವುದಕ್ಕಿಂತ 74 ಹೊತ್ತು ನಡೆಯಲು ಖರ್ಚು ಕಮ್ಮಿ. ಅಭ್ಯಾಸ ಆದ ಮೇಲೆ ದೇಹ ಆರಾಮ ಹುಡುಕುತ್ತದೆ. "ಇವತ್ತಿನದು ಆಯಿತಲ್ಲ" ಎಂದು ಉಳಿದ ಹೊತ್ತು ಜಾಸ್ತಿ ಕೂರುತ್ತೇವೆ, ನಮಗೇ ಗೊತ್ತಾಗುವುದಿಲ್ಲ. ಅದೇ ದಾರಿಯಲ್ಲಿ ಹೀಗೆ ಮಾಡಿ: ಒಂದು ಕರೆಂಟು ಕಂಬದಿಂದ ಮುಂದಿನ ಕಂಬದ ತನಕ ಜೋರಾಗಿ, ಅಲ್ಲಿಂದ ಮುಂದಿನದಕ್ಕೆ ನಿಧಾನ. ಇಳಿಜಾರಿನಲ್ಲಿ ಮಾತ್ರ ಜೋರು ಬೇಡ, ಮುಖ್ಯವಾಗಿ ಮುರಕಲ್ಲಿನ ದಾರಿಯಲ್ಲಿ. ಪುಡಿ ಕಲ್ಲು ಜಾರುತ್ತದೆ, ಮಂಡಿಗೂ ಏಟು.

ಉಪ್ಪಳದ ಇಚ್ಚ

ತಂಗಿ, ಎಲ್ಲಿಗೆ ಎಂದು ಕೇಳಿದರೆ "ಶುಗರ್, ಡಾಕ್ಟರು ಹೇಳಿದ್ದಾರೆ" ಅನ್ನು. ಮೂರೂ ಭಾಷೆಯಲ್ಲಿ ಒಂದೇ ಮಾತು. ಮತ್ತೆ ಯಾರೂ ಕೇಳುವುದಿಲ್ಲ, ಅವರದ್ದೇ ಶುಗರಿನ ಕಥೆ ಶುರು ಮಾಡುತ್ತಾರೆ.

ನಾಯಿಗೆ ಮಾತ್ರ ಆ ಮಾತು ಸಾಲದು. ನಾನು ಹಳೆಯ ಕೊಡೆ ಹಿಡಿದುಕೊಂಡು ಹೋಗುತ್ತೇನೆ. ಹೊಡೆಯಲಿಕ್ಕಲ್ಲ. ಓಡದೆ ನಿಂತು, ಕೊಡೆ ನಡುವೆ ಹಿಡಿದು ಮೆಲ್ಲ ಹಿಂದೆ ಸರಿದರೆ ಹೆಚ್ಚಿನವು ಬಿಟ್ಟುಬಿಡುತ್ತವೆ.

ನೋಂಬಿನ ತಿಂಗಳಲ್ಲಿ ರಾತ್ರಿಯ ತರಾವೀಹ್ ನಮಾಜು ಮುಗಿಸಿ ನಡೆಯುತ್ತೇನೆ. ನೋಂಬು ಬಿಡುವಾಗ ಸಮೋಸಕ್ಕೆ ಕೈ ಹಾಕದವನಿಗೆ ತೂಕ ಇಳಿಯುತ್ತದೆ. ಹಾಕಿದವನಿಗೆ ಏರುತ್ತದೆ. ಮೂವತ್ತು ದಿನ ಹಗಲು ಉಪವಾಸ ಇದ್ದು ಎರಡು ಕಿಲೋ ಏರಿಸಿಕೊಂಡವರನ್ನು ನಮ್ಮಲ್ಲಿ ಬೇಕಾದಷ್ಟು ತೋರಿಸುತ್ತೇನೆ.

ಪೆರ್ಲದ ತೋಟದವ

ಇದೆಲ್ಲ ಸರಿ. ಜೂನಿನಲ್ಲಿ ಏನು ಮಾಡುತ್ತೀರಿ? ನಮ್ಮ ಮಳೆಗೆ ಕಂಬ ಎಣಿಸುತ್ತಾ ನಡೆಯಲು ಆಗುತ್ತದಾ? ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಬೀಳುವ ಊರು. ಜೂನ್, ಜುಲೈ, ಆಟಿ ತಿಂಗಳು ಪೂರಾ ಒಳಗೆ. ಆಗ ಹಲಸಿನ ಹಪ್ಪಳ, ಹಲಸಿನ ಬೀಜದ ಸಾಂತಾಣಿ. ಸೆಪ್ಟೆಂಬರಿಗೆ ಮತ್ತೆ 77. ಬೆಟ್ಟು ಕಟ್ಟುತ್ತೀರಾ?

ನೀರ್ಚಾಲಿನ ಸೊಸೆ

ಅದೇ ನನ್ನ ಹೆದರಿಕೆಯೂ.

ಮಧೂರಿನ ನರ್ಸಕ್ಕ

ತೋಟದಣ್ಣ ಈ ಸಲ ಸರಿಯಾದ ಮಾತು ಹೇಳಿದರು. ತೂಕ ಇಳಿಸಲು ನಡಿಗೆ ಸಣ್ಣ ಸಹಾಯ, ಊಟದ್ದೇ ದೊಡ್ಡದು. ಆದರೆ ಇಳಿದ ತೂಕ ಮತ್ತೆ ಏರದಂತೆ ನಿಲ್ಲಿಸುವುದರಲ್ಲಿ ನಡಿಗೆಯ ಪಾಲು ದೊಡ್ಡದು. ಎರಡು ತಿಂಗಳು 74ರಲ್ಲಿ ನಿಂತದ್ದನ್ನು ಸೋಲು ಎನ್ನುತ್ತಿದ್ದೀರಲ್ಲ ಸೊಸೆಯವರೇ, ಅಷ್ಟು ಪಾಯಸದ ನಡುವೆ ನಿಂತದ್ದೇ ನಡಿಗೆಯಿಂದ. ನಡೆಯದಿದ್ದರೆ ಮತ್ತೆ ಏರಿರುತ್ತಿತ್ತು. ಮಳೆಗಾಲಕ್ಕೂ ಒಂದು ಜಾಗ ಈಗಲೇ ಹುಡುಕಿಟ್ಟುಕೊಳ್ಳಿ.

ನಮ್ಮ ಮನೆಯಲ್ಲಿ ಅಡಿಕೆ ಒಣಗಿಸಲು ಅಂಗಳಕ್ಕೆ ಪ್ಲಾಸ್ಟಿಕ್ ಶೀಟಿನ ಮಾಡು ಹಾಕಿದ್ದೇವೆ. ಮೇ ಕೊನೆಗೆ ಅಡಿಕೆ ಸುಲಿದು ಆಗುತ್ತದೆ, ಅಂಗಳ ಖಾಲಿ. ಬೇಸಿಗೆಯಲ್ಲಿ ಅದರೊಳಗೆ ಹೋದರೆ ಬೆಂದುಹೋಗುತ್ತೇವೆ, ಮಳೆಗಾಲದಲ್ಲಿ ಮಾತ್ರ ಸುಖ. ಮೇಲೆ ಮಳೆ ಚಟಚಟ ಎನ್ನುತ್ತದೆ, ಕೆಳಗೆ ನೆಲ ಒಣಗಿರುತ್ತದೆ. ನಾನೂ ನಮ್ಮ ಅತ್ತೆಯೂ ಎದುರು ಬದುರು ಸುತ್ತು ಹಾಕುತ್ತೇವೆ. ಅತ್ತೆ ವಿಷ್ಣು ಸಹಸ್ರನಾಮ ಹೇಳುತ್ತಾ ನಡೆಯುತ್ತಾರೆ. ಮುಗಿಯುವಾಗ ಅರ್ಧ ಗಂಟೆ ಆಗಿರುತ್ತದೆ, ವಾಚು ಬೇಡ. ತಿರುಗುವ ದಿಕ್ಕು ಮಾತ್ರ ಆಗಾಗ ಬದಲಿಸಿ, ಇಲ್ಲದಿದ್ದರೆ ಒಂದೇ ಬದಿಯ ಮಂಡಿ ಹಿಡಿಯುತ್ತದೆ.

ಬೆಳಗ್ಗಿನ ಗಾಡಿಯವಳು

ಅಂಗಳ ಇಲ್ಲದವರಿಗೆ?

ಮಂಜೇಶ್ವರದ ಫಿಸಿಯೋ

ಶಾಲೆಯ ಜಗಲಿ, ಸಭಾಭವನ, ಕೇಳಿದರೆ ಬೇಡ ಎನ್ನುವವರು ಕಮ್ಮಿ. ಒಂದೂ ಸಿಗದಿದ್ದರೆ ಮೆಟ್ಟಿಲು. ಮೆಟ್ಟಿಲು ಹತ್ತುವುದು ಸಮ ನೆಲದಲ್ಲಿ ನಡೆಯುವುದಕ್ಕಿಂತ ಎಷ್ಟೋ ಪಾಲು ಜಾಸ್ತಿ ಕೆಲಸ. ಹತ್ತು ನಿಮಿಷಕ್ಕೇ ಬೆವರು ಕಿತ್ತುಬರುತ್ತದೆ. ಮಂಡಿ ನೋವು ಇದ್ದವರು ಬೇಡ.

ಕುಂಬಳೆ ಮಾಷ್ಟ್ರು

ತೋಟದವರ ಬೆಟ್ಟಿಗೆ ನಾನು ಒಪ್ಪಿದೆ. ಸೊಸೆಯವರ ತೂಕ ಸೆಪ್ಟೆಂಬರಿನಲ್ಲಿ 74ರ ಒಳಗೆ ಇದ್ದರೆ ನೀವು ನನಗೆ ಒಂದು ಗೊನೆ ಕದಳಿ ಕೊಡಬೇಕು. ಜಾಸ್ತಿ ಇದ್ದರೆ ನಾನು ನಿಮಗೆ ಗೋಳಿಬಜೆ ಕೊಡಿಸುತ್ತೇನೆ.

ಪೆರ್ಲದ ತೋಟದವ

ನೇಂದ್ರ ಕೇಳಿ ಮಾಷ್ಟ್ರೇ, ಕದಳಿ ಈ ವರ್ಷ ಮಂಗ ಬಿಟ್ಟರೆ ಉಂಟು. ನಾನು ನಡೆಯುವುದಿಲ್ಲ, ಬೆಟ್ಟು ಮಾತ್ರ.

ನೀರ್ಚಾಲಿನ ಸೊಸೆ

ನನ್ನ ತೂಕದ ಮೇಲೆ ಬಾಳೆಗೊನೆ ಕಟ್ಟಿದಿರಾ! ಆಗಲಿ. ನಾಳೆಯಿಂದ ಕಂಬದ ಲೆಕ್ಕ ಶುರು. ತೂಕ ಭಾನುವಾರ ಮಾತ್ರ. ಅತ್ತೆಯವರನ್ನೂ ಕರೆದಿದ್ದೇನೆ. ಬಸ್‌ಸ್ಟಾಂಡಿನ ತನಕ ಬರುತ್ತೇನೆ, ಆಮೇಲೆ ನೋಡುವ ಎಂದಿದ್ದಾರೆ.

ಫಿಸಿಯೋ ಅವರೇ, ಒಂದು ಬಾಕಿ ಉಂಟು. ನಾನು ಇಷ್ಟು ದಿನ ಮಾಮೂಲು ಚಪ್ಪಲಿಯಲ್ಲೇ ನಡೆದದ್ದು. ಶೂ ತೆಗೆದುಕೊಳ್ಳಲೇಬೇಕಾ? ಸೀರೆ, ಚೂಡಿದಾರಕ್ಕೆ ಶೂ ಹಾಕಿ ಹೋದರೆ ನಮ್ಮ ರಸ್ತೆಯಲ್ಲಿ ಅದೇ ಒಂದು ಸುದ್ದಿ.

ಮಂಜೇಶ್ವರದ ಫಿಸಿಯೋ

ಹಿಂದೆ ಪಟ್ಟಿ ಇರುವ, ಹಿಮ್ಮಡಿಯ ಕೆಳಗೆ ದಪ್ಪ ಮೆತ್ತೆ ಇರುವ ಸ್ಯಾಂಡಲ್ ಆದರೂ ನಡೆಯುತ್ತದೆ. ಬೆರಳಿನಲ್ಲಿ ಹಿಡಿದು ನಡೆಯುವ ಹವಾಯಿ ಮಾತ್ರ ಬೇಡ. ಶೂ ತೆಗೆದುಕೊಳ್ಳುವುದಾದರೆ ಸಂಜೆ ಹೊತ್ತು ಅಂಗಡಿಗೆ ಹೋಗಿ, ದಿನವಿಡೀ ನಿಂತು ಕೂತು ಕಾಲು ಸ್ವಲ್ಪ ಊದಿರುತ್ತದೆ. ಎರಡೂ ಕಾಲಿಗೆ ಹಾಕಿ, ಅಂಗಡಿಯೊಳಗೆ ನಾಲ್ಕು ಹೆಜ್ಜೆ ನಡೆದು ನೋಡಿ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಲಿ. ಬಣ್ಣ ಕಪ್ಪು ತೆಗೆದುಕೊಳ್ಳಿ, ಕೆಂಪು ಮಣ್ಣು ಬಿಳಿ ಶೂವಿನಿಂದ ಹೋಗುವುದಿಲ್ಲ.